ನಿನ್ನೆ ಹಾಕಿದ ನಲ್ಲಿ

ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ನಾವೆಲ್ಲ ಅವಳನ್ನ ಅಕ್ಕ ಅಂತಲೇ ಕರೆಯೋದು.

ಆ ರಾತ್ರಿ ಅಕ್ಕ ಬಟ್ಟೆ ಕಾರ್ಖಾನೆ ಕೆಲಸ ಮುಗಿಸಿ ಒಬ್ಬಳೇ ನಡೆದು ಬರ್ತಿದ್ದಳು. ಬೀದಿ ಕೊನೆಯಲ್ಲಿ ಒಂದು ಹಳೇ ಬಾವಿ. ಅದು ದಾಟಿದರೆ ನಾಲ್ಕನೇದು ಅವಳ ಮನೆ. ದಿನಾ ಅಲ್ಲಿ ನಾಯಿಗಳು ಮಲಗಿರ್ತಿದ್ದವು. ಅವತ್ತು ಒಂದೂ ಇಲ್ಲ...

ಆದರೆ ಅಕ್ಕನಿಗೆ ಹೆದರಿಕೆ ಇರಲಿಲ್ಲ. ಮನಸ್ಸು ಹಗುರವಾಗಿತ್ತು. ಯಾಕೆ ಅಂದ್ರೆ, ಮನೆ ರಿಪೇರಿ ಕೊನೆಗೂ ಮುಗಿದಿತ್ತು.

ಆ ಮನೆ ಕತೆ ಏನು ಹೇಳಲಿ! ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡೋದು. ಚಿಲಕ ಸರಿ ಮಾಡಿದರೆ ನಲ್ಲಿ ಸೋರೋದು. ನಲ್ಲಿ ನಿಲ್ಲಿಸಿದರೆ ಬಚ್ಚಲುಮನೆ ಬಾಗಿಲು ಕೀಲಿನಿಂದ ಜೋತು ಬೀಳೋದು. ವಾರದ ರಜೆ ಬಂತು ಅಂದ್ರೆ ಅಕ್ಕ ಸೀರೆ ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಮೊಣಕಾಲೂರಿ ಕೂರೋಳು. ಭಾವ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯೋರು. "ಕೈ ನೋಯ್ತಾ? ಸಾಕು ಬಿಡೇ" ಅನ್ನೋರು. ಬೆಣ್ಣೆ ಮಾತು.

ಅಷ್ಟು ಕಷ್ಟ ಯಾಕೆ ಪಡ್ತಿದ್ದಳು? ದೊಡ್ಡಮ್ಮನಿಗೋಸ್ಕರ. ದೊಡ್ಡಮ್ಮ ದೂರದ ಊರಲ್ಲಿ, ಮಗನ ಮನೆಯಲ್ಲಿ, ಮೆಟ್ಟಿಲ ಕೆಳಗೆ ಹಾಸಿಕೊಂಡು ಮಲಗೋರು. ಸೊಸೆ ಮುಖ ಕೊಟ್ಟು ಮಾತಾಡ್ತಿರಲಿಲ್ಲ. "ಅಮ್ಮನ್ನ ಕರ್ಕೊಂಡು ಬರ್ತೀನಿ ಕಣ್ರೀ" ಅಂತ ಅಕ್ಕ ಅಂದಾಗೆಲ್ಲ ಭಾವ, "ಯಾರು ಬೇಡ ಅಂದ್ರು? ಬಚ್ಚಲು ಒಂದು ಸರಿ ಹೋಗ್ಲಿ. ವಯಸ್ಸಾದವರು, ಜಾರಿ ಬಿದ್ರೆ?" ಅನ್ನೋರು. ಹೀಗೇ ಒಂದು ವರ್ಷ ಕಳೀತು.

ಹಿಂದಿನ ದಿನವಷ್ಟೇ ಹೊಸ ನಲ್ಲಿ ಹಾಕಿದ್ದಳು. ಬೆಳಗಾದರೆ ಬಸ್ಸು ಹತ್ತಿ ಅಮ್ಮನ್ನ ಕರೆತರೋದು.

ಬಾವಿ ಹತ್ತಿರ ಬಂದಳು... ಕಟ್ಟೆ ಮೇಲೆ ಯಾರೋ ಉದ್ದನೆ ಬಿಳಿ ಕೂದಲು ಬಿಟ್ಟುಕೊಂಡು ಕೂತಿದ್ದರು.

"ಅಮ್ಮಾ? ನೀನಿಲ್ಲಿ? ಅಣ್ಣ ತಂದು ಬಿಟ್ನಾ?"

"ಹೂಂ... ಬಿಟ್ಟ."

ದನಿ ಪಿಸುಪಿಸು. ಮುಖ ನೆರಳಲ್ಲಿತ್ತು.

"ಇಷ್ಟು ಹೊತ್ತಲ್ಲಿ ಇಲ್ಯಾಕೆ ಕೂತೆ? ಮನೆಗೆ ಹೋಗೋದಲ್ವಾ?"

"ಬಚ್ಚಲು ಸರಿ ಆಯ್ತೇನೇ?"

"ಆಯ್ತಮ್ಮ. ಎಲ್ಲಾ ಆಯ್ತು."

"ಇಲ್ಲ ಕಣೇ... ಕೇಳು."

ಅಕ್ಕ ಕಿವಿಗೊಟ್ಟಳು. ಮೊದಲು ಏನೂ ಇಲ್ಲ... ಆಮೇಲೆ ಅವಳ ಮನೆ ಕಡೆಯಿಂದ... ಕಿರ್ರ್... ಕಿರ್ರ್... ತಡೆದು ತಡೆದು. ಕಬ್ಬಿಣಕ್ಕೆ ಕಬ್ಬಿಣ ತಿರುಗೋ ಸದ್ದು. ಅದು ಅವಳ ಕೈಗೆ ಗೊತ್ತಿದ್ದ ಸದ್ದು.

"ಚಪ್ಪಲಿ ಬಿಟ್ಟು ಹೋಗು," ಅಂದರು ದೊಡ್ಡಮ್ಮ. "ಸದ್ದಾದರೆ ನಿಲ್ಲಿಸಿಬಿಡ್ತಾನೆ."

"ನೀನೂ ಬಾಮ್ಮ."

"ನೀ ನಡಿ... ನಾ ಬಂದೆ."

ಅಕ್ಕ ಬರಿಗಾಲಲ್ಲಿ ಹಿತ್ತಲಿಂದ ಹೋದಳು. ಬಚ್ಚಲುಮನೆ ಕಿಟಕಿಯಲ್ಲಿ ಬೆಳಕು ಅಲ್ಲಾಡ್ತಿತ್ತು. ಇಣುಕಿದಳು. ಭಾವ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಾಯಲ್ಲಿ ಟಾರ್ಚ್ ಕಚ್ಚಿದ್ದಾರೆ. ಚಿಲಕದ ಸ್ಕ್ರೂಗಳು ಕರ್ಚೀಫಿನ ಮೇಲೆ ಒಪ್ಪವಾಗಿ ಕೂತಿವೆ. ಕೈಯಲ್ಲಿ ನಿನ್ನೆ ಹಾಕಿದ ನಲ್ಲಿ.

"ಏನ್ರೀ ಇದು?"

ಠಣ್! ಟಾರ್ಚ್ ಬಿತ್ತು.

"ಸೋರ್ತಿತ್ತು ಕಣೇ... ನೋಡೋಣ ಅಂತ..."

"ನಿನ್ನೆ ಹಾಕಿದ್ದು!"

ಭಾವ ತಲೆ ತಗ್ಗಿಸಿದರು. ಕೇಳಿಯೂ ಕೇಳಿಸದಷ್ಟು ಸಣ್ಣಗೆ, "ನಿಮ್ಮಮ್ಮ ಒಂದ್ಸಲ ಬಂದ್ರೆ ಮತ್ತೆ ಹೋಗ್ತಾರಾ? ಬೇಡ ಅಂದಿದ್ರೆ ನೀನು ಕೇಳ್ತಿದ್ಯಾ?" ಅಂದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ... ಆ ದೊಣ್ಣೆ ತನ್ನ ಮಗ್ಗುಲಲ್ಲೇ ಮಲಗ್ತಿತ್ತು ಅಂತ ಅಕ್ಕನಿಗೆ ಆಗ ಗೊತ್ತಾಯ್ತು. ಕೂಗಲಿಲ್ಲ, ಅಳಲಿಲ್ಲ.

"ನಾನು ಬಿಗಿ ಮಾಡುವಾಗ ಟಾರ್ಚ್ ಹಿಡಿದಿದ್ದು ನೀವೇ ಅಲ್ವೇನ್ರೀ..." ಅಂದಳು. ಅಷ್ಟೇ. ಆಮೇಲೆ, "ಅಮ್ಮ ಬಾವಿ ಹತ್ರಾನೇ ಇದಾಳೆ. ಈ ಮಾತು ಅವಳ ಮುಂದೆ ಹೇಳಿ, ಬನ್ನಿ."

ಇಬ್ಬರೂ ಹೋದರು. ಕಟ್ಟೆ ಮೇಲೆ ಯಾರೂ ಇಲ್ಲ. ಅಕ್ಕನ ಚಪ್ಪಲಿ ಮಾತ್ರ ಇತ್ತು...

ಆಗ ಫೋನ್ ಬಡ್ಕೊಳ್ತು. ಅಣ್ಣ.

"ಎಷ್ಟು ಸಲ ಮಾಡೋದೇ? ಕಾರ್ಖಾನೇಲಿ ಫೋನ್ ಒಳಗೆ ಬಿಡಲ್ವಾ? ...ಅಮ್ಮ ಹೋಗ್ಬಿಟ್ಟಳು ಕಣೇ. ಸಂಜೇನೇ. ಮೆಟ್ಟಿಲ ಕೆಳಗೆ... ಮಲಗಿದ ಹಾಗೇ."

ಅಕ್ಕ ಆ ರಾತ್ರಿಯೇ ಹೊರಟಳು. ಜೊತೆಗೆ ಬರ್ತೀನಿ ಅಂದ ಭಾವನಿಗೆ, "ನಾ ವಾಪಸ್ ಬರೋ ಹೊತ್ತಿಗೆ ನೀವಿಲ್ಲಿ ಇರಬಾರದು" ಅಂದಳು. ಭಾವ ಆಗಲೇ ಬೀಗ ಹಾಕಿ, ಬೀಗದ ಕೈ ಅವಳಿಗೇ ಕೊಟ್ಟು ತಂಗಿ ಮನೆಗೆ ಹೋದರು. ಇವತ್ತಿಗೂ ಅಲ್ಲೇ ಇದ್ದಾರೆ.

ಎಲ್ಲಾ ಮುಗಿಸಿ ಅಕ್ಕ ಬಂದು ಬೀಗ ತೆಗೆದಳು. ನಲ್ಲಿ ಗೋಡೆಯಲ್ಲಿತ್ತು. ಬಿಗಿಯಾಗಿ. ಒಂದು ತೊಟ್ಟು ಸೋರ್ತಿರಲಿಲ್ಲ. ಹೋಗೋ ಮುಂಚೆ ಭಾವ ಹಾಕಿರಬೇಕು ಅಂದ್ಕೊಂಡಳು. "ದೇವರಾಣೆ ನಾ ಮುಟ್ಲಿಲ್ಲ" ಅಂತ ಅವರು ಹೇಳಿ ಕಳಿಸಿದರು. ಬೇಲಿಯೇ ಹೊಲ ಮೇಯ್ದ ಮೇಲೆ ಆಣೆ ಯಾರು ನಂಬ್ತಾರೆ?

ಹೋದ ವರ್ಷ ಪೈಪ್ ಬದಲಾಯಿಸೋಕೆ ಪ್ಲಂಬರ್ ಬಂದಿದ್ದ. ನಾನೂ ಅಲ್ಲೇ ಇದ್ದೆ. ನಲ್ಲಿ ಬಿಚ್ಚಿದವನು ಹಾಗೇ ನೋಡ್ತಾ ನಿಂತ. "ಅಕ್ಕಾ, ಇದಕ್ಕೆ ನೀರು ಸೋರದ ಹಾಗೆ ಸುತ್ತೋ ಟೇಪೇ ಇಲ್ವಲ್ಲ... ಇದೇನಿದು?" ಅಂದ.

ನೀವು ನಂಬ್ತೀರೋ ಬಿಡ್ತೀರೋ. ಟೇಪ್ ಜಾಗದಲ್ಲಿ ಸುತ್ತಿದ್ದನ್ನ ಈ ಕೈಯಿಂದಲೇ ನಾನು ಬಿಡಿಸಿ ನೋಡಿದೀನಿ. ನಲ್ಲಿಯ ತಿರುಪಿನ ಗೆರೆಗಳ ಮೇಲೆ ಒತ್ತಾಗಿ, ಒಂದೆಳೆಯೂ ತಪ್ಪದ ಹಾಗೆ ಸುತ್ತಿದ್ದು... ಕೂದಲು. ಬೆಳ್ಳಗೆ... ಮೊಳದುದ್ದ.