ಹಗೇವಿಗೆ ಇಳಿಸಿದ ದೀಪ

ಆರಿರಲಿಲ್ಲ ಅಂದೆನಲ್ಲ! ದೀಪ ಆರಿರಲಿಲ್ಲ ಲೋಕಮ್ಮಾ. ದಫೇದಾರ್ರಿಗೂ ಅದನ್ನೇ ಹೇಳಿ ಹೆಬ್ಬೆಟ್ಟು ಒತ್ತೀನಿ, ನಿನಗೂ ಅದನ್ನೇ ಹೇಳ್ತೀನಿ. ಗಂಡನ್ನ ಕಳ್ಕಂಡು ಇನ್ನೂ ತಿಂಗಳಾಗಿಲ್ಲ, ಹಿಂಗೆ ಕಂಡೋರ ಮನೆಗೆಲ್ಲ ಹೋಗಿ ಕೇಳ್ತಾ ಅಲೀಬಾರದು. ಕುಂತ್ಕ. ಹೊಸ್ತಿಲ ಮೇಲೆ ಬ್ಯಾಡ, ಒಳಗೆ... ಕುಂತ್ಯಾ? ಹಾಂ.

ಸೆರಗಿನ ಮರೆಯಾಗೆ ಏನದು, ಕಣಕಣ ಅಂದಿದ್ದು? ನನ್ನ ಲಾಟೀನಾ? ಮಲ್ಲೇಶಪ್ಪನ ಕಣದಾಗೇ ಬಿಟ್ಟು ಬಂದಿದ್ದೆ ಅವತ್ತು. ತಂದುಕೊಟ್ಯಲ್ಲ, ಒಳ್ಳೇದಾತು. ಇಡು ಅಲ್ಲಿ.

ನೀನು ಸೊರಬದ ಕಡೆಯೋಳು. ನಿಮ್ಮೂರು ಗುಡವೀಲಿ ಹಗೇವು ಎಲ್ಲಿಂದ ಬರಬೇಕು? ಭತ್ತದ ಸೀಮೆ, ಕಣಜ ಮನೆಯೊಳಗೇ. ನಮ್ಮದು ಜೋಳ. ಎರಡು ಆಳು ಆಳ ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ರೆ ಎರಡು ವರ್ಷ ಆದ್ರೂ ಕಾಳು ಕೆಡಲ್ಲ. ಆದ್ರೆ ಒಳಗಿನ ಗಾಳಿ ಕೆಡ್ತತಿ. ಆ ಗಾಳಿ ಕಣ್ಣಿಗೆ ಕಾಣಲ್ಲ. ಇಳಿದೋನಿಗೆ ಕೂಗಾಕೂ ಬಿಡಲ್ಲ, ಹಂಗೇ ಮಲಗಿಸಿಬಿಡ್ತತಿ. ಅದಕ್ಕೇ ಮೊದಲು ದೀಪ ಬಿಡಾದು. ದೀಪ ಉರಿದ್ರೆ ಮನುಷ್ಯ ಇಳೀಬೋದು. ದೀಪ ಆರಿದ್ರೆ ಕಾಯಬೇಕು. ಇಷ್ಟೇ ವಿದ್ಯೆ... ನಗ್ತೀಯಾ? ನಕ್ಕಂಗಾತು. ಇಲ್ಲಾ? ಹೋಗ್ಲಿ ಬಿಡು.

ಇದು ನಮ್ಮ ಮನೆತನದ ಕೆಲಸ. ನಮ್ಮಜ್ಜ ಮಾಡ್ದ, ನಮ್ಮಪ್ಪ ಮಾಡ್ದ, ಆಮೇಲೆ ಈ ಉಜ್ಜಪ್ಪ. ಹಗೇವಿನ ಬಾಯಿ ಹತ್ರ ಒಬ್ಬನೇ ಬಗ್ಗಬೇಕು. ತಲೆ ಮೇಲೆ ಕಂಬಳಿ ಮುಸುಕು ಹಾಕ್ಕಂಡು, ಬಿಸಿಲು ಒಳಗೆ ಬೀಳದಂಗೆ ಮಾಡಿ ನೋಡಬೇಕು. ಉಳಿದೋರೆಲ್ಲ ಹತ್ತು ಮಾರು ದೂರ. ನಾನು 'ಐತಿ' ಅಂದ್ರೆ ಇಳೀಬೇಕು, 'ಇಲ್ಲ' ಅಂದ್ರೆ ನಿಲ್ಲಬೇಕು. ಮೂರನೇ ಮಾತಿಲ್ಲ. ನಲವತ್ತು ವರ್ಷದಾಗೆ ಒಬ್ಬನೂ ಬಂದು 'ಕಂಬಳಿ ಎತ್ತಜ್ಜ, ನಾನೂ ನೋಡ್ತೀನಿ' ಅಂದಿಲ್ಲ. ಅಷ್ಟು ನಂಬಿಕೆ ಊರಿಗೆ. ಬ್ಲಾಕಿನ ಗ್ರಾಮಸೇವಕ ಬಂದು, ಹಗೇವು ಬಿಟ್ಟು ತಗಡಿನ ಕಣಜ ಮಾಡಿಸ್ರಿ ಅಂದ. ಉಜ್ಜಜ್ಜ ಇರಾತನ ನಮಗೇನು ಭಯ ಅಂದ್ರು ಜನ. ನಾನೂ ಮೀಸೆ ತಿರುವಿದೆ.

ಕಡ್ಡಿ ಗೀರಿದ್ಯಾ? ಹಗಲೊತ್ನಾಗೆ ಯಾಕವ್ವಾ ಹಚ್ಚಾದು... ಇರ್ಲಿ, ಒಳಗೆ ಮಬ್ಬು. ನೋಡು, ಹೆಂಗೆ ಚೆಂದ ಉರೀತತಿ. ನಮ್ಮಪ್ಪನ ಕಾಲದ್ದು ಇದು. ಬತ್ತಿ ಸ್ವಲ್ಪ ಇಳಿಸು, ಹೊಗೆ ಹಿಡೀತತಿ.

ಅವತ್ತಿಂದು ಆ ಆಳು ಗುತ್ಯಪ್ಪಂದೇ ತಪ್ಪು. ಆತುರಗಾರನಿಗೆ ಬುದ್ಧಿ ಮಟ್ಟ. ಆನವಟ್ಟಿ ಸಂತೆಗೆ ಜೋಳ ಹೊರಡಬೇಕಿತ್ತು, ಬೆಳಿಗ್ಗೆ ಮಲ್ಲೇಶಪ್ಪನ ಹಗೇವಿನ ಚಪ್ಪಡಿ ಎತ್ತಿದ್ರು. ಉಜ್ಜಪ್ಪನ್ನ ಕರೀರಿ ಅಂತ ಮಲ್ಲೇಶಪ್ಪ ಅಂದನಂತೆ. 'ಆ ಮುದುಕ ಬಂದ್ರೂ ನಾಳೆವರೆಗೆ ಬಾಯಿ ತೆಗೆದಿಡ್ರಿ ಅಂತಾನೆ, ಅಷ್ಟೇ' ಅಂದು ಗುತ್ಯಪ್ಪ ಇಳಿದೇಬಿಟ್ಟ. ಖರೇ, ಹಂಗೇ ಅಂತಿದ್ದೆ ನಾನು. ಎರಡು ವರ್ಷದಿಂದ ಎಲ್ರಿಗೂ ಅದನ್ನೇ ಅಂತಿದ್ದೆ. ಅಂಜನಾಪುರದ ನಾಲೆ ನೀರಿಗೆ ನೆಲ ಒದ್ದೆ ಆಗೈತಿ, ಗಾಳಿ ಜಾಸ್ತಿ ಕೆಡ್ತತಿ, ಒಂದು ಹಗಲು ಒಂದು ರಾತ್ರಿ ತೆಗೆದಿಡ್ರಿ ಅಂತ. ಅದು ತಪ್ಪಾ? ಎರಡು ವರ್ಷ ಯಾರಿಗೂ ಏನೂ ಆಗಿರಲಿಲ್ಲ. ಯಾರಿಗೂ.

ನೀನು ನನ್ನ ಮುಖಾನೇ ನೋಡ್ತಾ ಕುಂತೀಯ. ಗೊತ್ತಾಗ್ತತಿ ನನಗೆ.

ನಾನು ಹೋಗಾಹೊತ್ತಿಗೆ ಗುತ್ಯಪ್ಪ ಒಳಗೆ ಬಿದ್ದಿದ್ದ. ಅವನ ಹೆಂಡ್ತಿ ಬಾಯಿ ಬಡ್ಕಂತಿದ್ಲು. ಅಂಥದ್ರಾಗೆ ನಾಳೆವರೆಗೆ ಕಾಯ್ರಿ ಅನ್ನಾದು ಹೆಂಗೆ? ಬೇವಿನ ಟೊಂಗೆ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿದ್ವಿ, ಕೆಟ್ಟ ಗಾಳಿ ಚದುರ್ಲಿ ಅಂತ. ಆಮೇಲೆ ಲಾಟೀನು ಬಿಟ್ಟೆ. ಕಂಬಳಿ ಹೊದ್ಕಂಡು ಬಗ್ಗಿದೆ. ನಿನ್ನ ಗಂಡ ಕೆಂಪಪ್ಪ ಸೊಂಟಕ್ಕೆ ಹಗ್ಗ ಸುತ್ಕಂಡು ನಿಂತಿದ್ದ. ಅವನಿಗೆ ಯಾರೂ ಇಳಿ ಅಂದಿರಲಿಲ್ಲ, ತಾನೇ ಮುಂದೆ ಬಂದ. 'ಅಜ್ಜಾ, ಐತಾ?' ಅಂದ. 'ಐತಿ' ಅಂದೆ. ಇಳಿದ.

ಆ ಹಗ್ಗ ಬಿಚ್ಚಿ ಗುತ್ಯಪ್ಪನಿಗೆ ಕಟ್ಟಿದ್ದ ಪುಣ್ಯಾತ್ಮ. ನಾವು ಎಳೆದ್ರೆ ಗುತ್ಯಪ್ಪ ಬಂದ. ಹೆಣ. ಕೆಂಪಪ್ಪ ಬರಲಿಲ್ಲ... ನಿನಗೆ ಗೊತ್ತಲ್ಲ, ಯಾಕೆ ಮತ್ತೆ ಹೇಳಿಸ್ತೀಯ.

ಅಳ್ತಿಲ್ಲ ನೀನು. ನನಗೂ ಅಳು ಬರ್ತಿಲ್ಲ. ಅವತ್ತಿಂದ ಉಣ್ತೀನಿ, ಮಲಗ್ತೀನಿ, ನಿದ್ದೇನೂ ಬರ್ತತಿ. ಎದೆ ಒಳಗೆ ಏನೂ ಆಗಲ್ಲ. ಅದಕ್ಕೇ ನಾಚಿಕೆ ಆಗ್ತತಿ.

ಮತ್ತೆ ದೀಪ ಯಾಕೆ ಆರಿ ಬಂತು ಅಂತ ತಾನೇ? ಅದೇ ತಾನೇ ನಿನ್ನ ಮನಸಿನಾಗೆ ಇರಾದು? ಹೇಳೀನಲ್ಲ! ಕೆಳಗೆ ಉರೀತಿತ್ತು. ಮೇಲೆ ಎಳೆಯುವಾಗ ಚಪ್ಪಡಿಗೆ ಬಡಿದು ಆರ್ತು. ಜೋರಾಗೇ ಬಡೀತು.

ಏನು ಸವರ್ತಿದೀಯ? ಗಾಜಾ? ಒಡೆದಿಲ್ಲ, ಹೌದು. ಹಳೇ ಕಾಲದ ಗಟ್ಟಿ ಗಾಜು. ಬಡಿದಿದ್ದೆಲ್ಲ ಒಡೀಬೇಕು ಅಂತ ಏನೈತಿ!... ಬಿಡವ್ವಾ, ಕೈ ಸುಟ್ಕಂತೀಯ. ಉರಿಯೋ ಲಾಟೀನು ಅದು. ಬಿಡು ಅಂದೆ. ಕಿರ್ ಕಿರ್ ಅಂತ ಇನ್ನೂ ಸವರ್ತಿದೀಯ... ಲೋಕಮ್ಮಾ? ಸುಡಲ್ವಾ?

ಯಾಕೆ ಸುಡಲ್ಲ?

ಕೊಡಿಲ್ಲಿ. ಎಲ್ಲೈತಿ... ಹಾಂ.

ತಣ್ಣಗೈತಿ.

ಹಚ್ಚೇ ಇಲ್ಲ ನೀನು. ಕಡ್ಡಿ ಗೀರಿ ಸುಮ್ನೆ ಆರಾಕೆ ಬಿಟ್ಟೆ. ನಾನು ಚೆಂದ ಉರೀತತಿ ಅಂದೆ. ಬತ್ತಿ ಇಳಿಸು ಅಂದೆ.

ಅವತ್ತೂ ಹಿಂಗೇ ಅಂದೆ ತಾಯಿ.

ಎರಡು ವರ್ಷ ಆತು, ಎರಡೂ ಕಣ್ಣಿಗೆ ಪೊರೆ. ಮೊದಮೊದಲು ಉರಿ ಮಸುಕಾಗಿ ಕಾಣ್ತಿತ್ತು, ಆಮೇಲೆ ಅದೂ ಇಲ್ಲ. ಅದಕ್ಕೇ ಒಂದು ದಿನ ತೆಗೆದಿಡ್ರಿ, ಒಂದು ದಿನ ತೆಗೆದಿಡ್ರಿ ಅಂತಿದ್ದಿದ್ದು. ಅಷ್ಟು ಹೊತ್ತು ಬಾಯಿ ತೆಗೆದಿದ್ರೆ ಗಾಳಿ ತಾನೇ ತಿಳಿ ಆಗ್ತತಿ, ನಾನು ನೋಡಾದೇ ಬ್ಯಾಡ. ಕಂಬಳಿ ಹೊದ್ಕಂಡು ಬಗ್ಗಿದ್ರೆ ಸಾಕು. ಹುಟ್ಟಿದೂರಿನ ದಾರಿ ಕಾಲಿಗೇ ಗೊತ್ತು, ಯಾರಿಗೂ ಗುಮಾನಿ ಬರಲಿಲ್ಲ. ಊರಿಗೆ ಹೇಳಾಕೆ ಆಗಲಿಲ್ಲ. ಹೇಳಿದ್ರೆ ನಾನು ಯಾರು? ಮೂಲೇಲಿ ಕುಂತು ಉಣ್ಣೋ ಮುದುಕ.

ಅವತ್ತು ಕಂಬಳಿ ಒಳಗೆ ಎಲ್ಲಾ ಒಂದೇ ಆಗಿತ್ತು. ಒಂದು ಮಿಣುಕು ಇತ್ತೋ ಇಲ್ವೋ, ಇವತ್ತಿಗೂ ಗೊತ್ತಿಲ್ಲ. 'ನನಗೆ ತಿಳೀತಿಲ್ಲ, ಬೇರೆ ಯಾರಾದ್ರೂ ಬಂದು ನೋಡ್ರಿ' ಅಂದಿದ್ರೆ ಮುಗೀತಿತ್ತು. ಮಾತು ಗಂಟಲಿಗೆ ಬಂದಿತ್ತು ಲೋಕಮ್ಮಾ, ಆಣೆ ಮಾಡ್ತೀನಿ. ಅಷ್ಟರಾಗೆ ಅವನು ಐತಾ ಅಂದ. ನಾನು ಐತಿ ಅಂದೆ.

ಏನಾದ್ರೂ ಅನ್ನು. ಬೈ. ಈ ಲಾಟೀನು ತಗಂಡು ತಲೆಗೆ ಹೊಡಿ... ಲೋಕಮ್ಮಾ? ಇದೀಯಾ? ಎದ್ದು ಹೋದ್ಯಾ?

ಬಾಯಿ ಬಿಟ್ಟು ಹೇಳು ತಾಯಿ. ನನಗೆ ಕಾಣಲ್ಲ.