ಇಂಗ್ಲಿಷ್ ಕ್ಲಾಸಿನ ಖಾಲಿ ಕುರ್ಚಿ

ಸಭೆಯ ಅಧ್ಯಕ್ಷರಾದ ನಮ್ಮ ಹೆಡ್‌ಮಾಸ್ಟರರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನನ್ನ ಕೆಂಪು ಶಾಯಿಗೆ ಹೆದರಿ ಬೆಳೆದ ಹಳೆಯ ವಿದ್ಯಾರ್ಥಿಗಳೇ, ಇನ್ನೂ ಹೆದರುತ್ತಿರುವ ಮಕ್ಕಳೇ, ಸಭಿಕರೇ,

ನಿವೃತ್ತಳಾಗುವವಳ ಭಾಷಣ ಉದ್ದವಿರುತ್ತದೆಂದು ಹಿಂದಿನ ಸಾಲಿನವರು ಆಗಲೇ ಆಕಳಿಸುತ್ತಿದ್ದೀರಿ. ಚಿಂತೆ ಬೇಡ, ನನಗೂ ಮನೆ ಸೇರುವ ಅವಸರವಿದೆ.

ಇಂಗ್ಲಿಷ್ ವ್ಯಾಕರಣವನ್ನು ಹೇಗೆ ಕಲಿಸಿದಿರಿ ಎಂದು ಅತಿಥಿಗಳು ಕೇಳಿದರು. ತರಗತಿಯ ಮುಂದೆ ಒಂದು ಖಾಲಿ ಕುರ್ಚಿ ಇಡುತ್ತಿದ್ದೆ. ಏನೂ ಗೊತ್ತಿಲ್ಲದ ಓದುಗರೊಬ್ಬರು ಅದರಲ್ಲಿ ಕೂತಿದ್ದಾರೆ ಎಂದುಕೊಳ್ಳಿ, ನೀವು ಬರೆದದ್ದು ಅವರಿಗೆ ತಿಳಿಯಬೇಕು ಎನ್ನುತ್ತಿದ್ದೆ. ಯಾರಾದರೂ ‘ದಿ ಪಾಟ್ ವಾಸ್ ಬ್ರೋಕನ್’ ಎಂದು ಓದಿದರೆ ಕುರ್ಚಿಯ ಪರವಾಗಿ ನಾನೇ ಕೇಳುತ್ತಿದ್ದೆ: ಒಡೆದದ್ದು ಯಾರು? ನಿನ್ನೆ ಶುರುವಾದ ಕಥೆ ನಾಳೆಗೆ ಹಾರಿದರೆ: ಇದು ನಡೆದದ್ದು ಯಾವಾಗ? ಇಬ್ಬರು ಹುಡುಗರಿಗೂ ‘ಹೀ’ ಎಂದರೆ: ಇವರಲ್ಲಿ ಯಾವನು? ಕರ್ತೃ ಕಾಣಲಿ, ಕಾಲ ಕದಲದಿರಲಿ, ಒಂದು ವಾಕ್ಯಕ್ಕೆ ಒಂದು ಮಾತು ಸಾಕು. ಇಷ್ಟೇ ನನ್ನ ವ್ಯಾಕರಣ. ಪಾಠ ಮುಗಿದಾಗ ಮಕ್ಕಳೆಲ್ಲ ಕುರ್ಚಿಯತ್ತ ತಿರುಗಿ, ‘ಇನ್ನೇನಾದರೂ ಕೇಳುವುದಿದೆಯೇ?’ ಎಂದು ಕೇಳಿ ಸ್ವಲ್ಪ ಕಾಯಬೇಕಿತ್ತು. ಮೌನ ಸಿಕ್ಕರೆ ಪೂರ್ತಿ ಅಂಕ.

ಒಂದು ಮಧ್ಯಾಹ್ನ ಮೌನ ಸಿಗಲಿಲ್ಲ. ಪೇಟೆಗೆ ಹೋಗಿದ್ದೆ ಎಂದು ಒಬ್ಬಳು ಹುಡುಗಿ ಬರೆದಿದ್ದಳು. ‘ಯಾರ ಜೊತೆ?’ ಎಂದಿತು ಒಂದು ದನಿ. ನನ್ನದಲ್ಲ. ಮಕ್ಕಳದೂ ಅಲ್ಲ, ಅದು ದೊಡ್ಡವರ ಗಂಟಲು. ಹುಡುಗಿ ಸ್ವಲ್ಪವೂ ಗಾಬರಿಯಾಗದೆ ಎದ್ದು, ‘ಅಮ್ಮನ ಜೊತೆ’ ಎಂದು ಕುರ್ಚಿಗೆ ಉತ್ತರಿಸಿ, ವಾಕ್ಯ ತಿದ್ದಿಕೊಂಡಳು. ಅಂದಿನಿಂದ ನಾನು ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ. ನಮ್ಮ ಫಲಿತಾಂಶ ಊರವರ ಬಾಯಲ್ಲೆಲ್ಲ ಬಂತು. ಇನ್ನು ಆ ದನಿಯ ಬಗ್ಗೆ ನಾನೇಕೆ ಬಾಯಿ ಬಿಡಲಿ? ಹೆಮ್ಮೆಯಿತ್ತು, ಭಯವೂ ಇತ್ತು. ಉತ್ತರ ಸಿಗುವವರೆಗೆ ಆ ಕುರ್ಚಿ ಯಾರನ್ನೂ ಬಿಡುತ್ತಿರಲಿಲ್ಲ. ಅದು ಸುಮ್ಮನಾದ ಮೇಲೆಯೇ ದಿನವೂ ಕೋಣೆಗೆ ಬೀಗ ಹಾಕಿಸುತ್ತಿದ್ದೆ.

ಇವತ್ತು ನೀವೆಲ್ಲ ನನ್ನ ಮೇಲಿನ ಪ್ರೀತಿಯಿಂದ ಆ ಕುರ್ಚಿಗೆ ಹೊಸ ಬಣ್ಣ ಹೊಡೆಸಿ, ಉಡುಗೊರೆಯಾಗಿ ನನ್ನ ಮನೆಗೇ ಕಳಿಸಿಬಿಟ್ಟಿದ್ದೀರಿ. ಹೆಡ್‌ಮಾಸ್ಟರರು ಅದನ್ನು ಘೋಷಿಸಿದಾಗ ನೀವು ಚಪ್ಪಾಳೆ ತಟ್ಟಿದಿರಿ. ನಾನು ವೇದಿಕೆಯ ಹಿಂದೆ ಓಡಿ ನಮ್ಮ ಯಜಮಾನರಿಗೆ ಫೋನ್ ಮಾಡಿದೆ. ಮಾತಿನ ವಿಷಯದಲ್ಲಿ ಅವರು ಮಹಾ ಜಿಪುಣರು. ‘ಹೂಂ’, ‘ಆಯ್ತು’, ಇಷ್ಟರಲ್ಲೇ ಸಂಸಾರ ತೂಗಿಸಿದವರು. ಇವತ್ತು ಪೂರ್ತಿ ಪೂರ್ತಿ ವಾಕ್ಯಗಳಲ್ಲಿ ಮಾತಾಡಿದರು.

‘ನಿಮ್ಮ ಸ್ಕೂಲಿಂದ ಒಬ್ರು ಬಂದಿದಾರೆ. ನಾನು ಅವರನ್ನ ಕುರ್ಚಿ ಮೇಲೆ ಕೂರಿಸಿದೀನಿ. ಅವರು ನಿನ್ನ ಬಗ್ಗೆ ಕೇಳ್ತಿದಾರೆ, ನಾನು ಎಲ್ಲಾ ಹೇಳ್ತಿದೀನಿ.’

‘ಮುಗೀತೇನ್ರೀ?’ ಎಂದೆ.

‘ಒಂದೇ ಪ್ರಶ್ನೆ ಉಳಿದಿದೆ. ನೀನು ಮನೆಗೆ ಬರೋದು ಯಾರ ಜೊತೆ ಅಂತ. ಅದು ನಂಗೆ ಗೊತ್ತಿಲ್ವಲ್ಲ. ಉತ್ತರ ಸಿಗೋವರೆಗೆ ಅವರು ನನ್ನ ಕೈ ಬಿಡಲ್ಲ.’

ಸಭಿಕರೇ, ನನಗೆ ಹೆದರಿಕೆಯಾಗುತ್ತಿದೆ. ಅಲ್ಲಿರುವುದು ನನ್ನ ಗಂಡ, ನಾನು ಹೋಗಲೇಬೇಕು. ನನ್ನ ಜೊತೆ ಯಾರು ಬರುತ್ತೀರಿ? ‘ಯಾರಾದರೂ ಹೋದರಾಯಿತು’ ಎಂಬ ಗುಸುಗುಸು ಬೇಡ, ಬರುವವರು ಎದ್ದು ನಿಲ್ಲಿ. ಹೆಡ್‌ಮಾಸ್ಟರರೇ, ನೀವು? ಹಳೆಯ ವಿದ್ಯಾರ್ಥಿಗಳೇ?

ಮೌನ ಸಿಕ್ಕರೆ ಪೂರ್ತಿ ಅಂಕ ಎಂದು ಕಲಿಸಿದವಳು ನಾನೇ ಅಲ್ಲವೇ.

ಇಷ್ಟು ಹೊತ್ತು ಒಂದೂ ಪ್ರಶ್ನೆ ಕೇಳದೆ ಕೂತ ನಿಮಗೆಲ್ಲ ಧನ್ಯವಾದ. ನಮಸ್ಕಾರ.