ಟೈಲರ್ ಕಾಲಿನ ಹುಳ

ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕಿಟಕಿಯ ಸಾಲು ಎಷ್ಟು ಉದ್ದವಿತ್ತೆಂದರೆ, ಕೆಮ್ಮಿಗೆ ಬಂದವನಿಗೆ ಸರದಿ ಬರುವಷ್ಟರಲ್ಲಿ ವಾಸಿಯಾಗಿರುತ್ತಿತ್ತು. ನನ್ನ ಮುಂದೆ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದ ಟೈಲರ್, ಪಕ್ಕದಲ್ಲಿ ಹೆಂಡತಿ. ಅವನ ಬಲಗಾಲು ಕಂಬದಂತೆ ಊದಿತ್ತು.

"ಏಳೆಂಟು ವರ್ಷ ಹುಳ ನನ್ನ ಮೈಯೊಳಗೇ ಸಂಸಾರ ಮಾಡ್ಕೊಂಡಿತ್ತಂತೆ. ಒಂದಿನ ಜಗಳ ಇಲ್ಲ. ನಿನಗಿಂತ ವಾಸಿ."

"ರೀ, ಜನ ಇದ್ದಾರೆ."

"ಇರಲಿ ಬಿಡೆ. ಆಶಾ ಕಾರ್ಯಕರ್ತೆ ಅಂತ ಆನೆಕಾಲಿನ ಮಾತ್ರೆ ಊರಿಗೆಲ್ಲ ಹಂಚಿದೋಳು ನೀನು. ಎದುರಿಗೆ ನಿಂತು ನುಂಗಿಸ್ತಿದ್ದೆ."

"ನಿಮಗೂ ವರ್ಷಾ ವರ್ಷಾ ಮಿಷಿನ್ ಮೇಲೆ ಇಟ್ಟು ಹೋಗ್ತಿದ್ನಲ್ಲ."

"ನುಂಗಿದ್ರಾ ಅಂತ ಕೇಳಿದ್ಯಾ?"

"ಮನೆಯವರಲ್ವಾ ಅಂತ ಮೊದಲು ನಿಮ್ಮ ಹೆಸರಿಗೇ ಟಿಕ್ ಹಾಕ್ತಿದ್ದೆ. ನೀವ್ಯಾಕೆ ನುಂಗಲಿಲ್ಲ?"

"ಗುಂಡುಕಲ್ಲಿನ ಹಾಗಿದ್ದೆ. ರೋಗ ಇಲ್ದೋನಿಗೆ ಮಾತ್ರೆ ಯಾಕೆ ಅಂದ್ಕೊಂಡೆ."

"ಈಗ ನುಂಗಿ. ಹುಳ ಸಾಯುತ್ತೆ."

"ಸಾಯುತ್ತೆ. ಕಾಲು ಇಳಿಯುತ್ತಾ?"

"ಇಳಿಯಲ್ಲ ಅಂದ್ರು. ಇನ್ನೂ ಊದದ ಹಾಗೆ ದಿನಾ ಸೋಪು ಹಾಕಿ ತೊಳೆದು ಒರೆಸ್ಬೇಕಂತೆ. ನಾನೇ ತೊಳೀತೀನಿ."

"ಮಿಷಿನ್ನೂ ನೀನೇ ತುಳೀತೀಯಾ?"

ಕಿಟಕಿಯಿಂದ ಅವನನ್ನು ಕರೆದರು. ಅವಳು ಆಸರೆಗೆ ಹೆಗಲು ಕೊಡಲು ಹೋದಳು. ಅವನು ಗೋಡೆ ಹಿಡಿದುಕೊಂಡು ಹೋದ.